ಸೇನಾಪತಿಯ ಗುರುವಾದ ಜವಾನ

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ. ಚಿತ್ತಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಆ ಸಲದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ನಾನೇ ಒಂದು ನಾಟಕ ಬರೆದೆ. ಅದು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ನಾಟಕದ ರಾಜ್ಯ ನನ್ನ ಕಲ್ಪನೆಯದು. ಅಲ್ಲಿ ಅರಸನ ಮಗನೂ ಸರದಾರರ ಮಕ್ಕಳೂ ಅರಮನೆಯ ಶಾಲೆಯಲ್ಲಿ ಕಾವ್ಯ, ರಾಜನೀತಿ, ಕುದುರೆ ಸವಾರಿ ಕಲಿಯುತ್ತಾರೆ. ಆದರೆ ದಂಡು ನಡೆಸುವುದನ್ನು ಕಲಿಸುವವನು ಒಬ್ಬ ಮುದಿ ಕಾಲಾಳು. ಐದನೆಯ ದೃಶ್ಯದಲ್ಲಿ ಯುವರಾಜ ಅವನ ಕಾಲು ಮುಟ್ಟಿ ನಮಸ್ಕರಿಸಿದ ಮೇಲೆಯೇ ಸೇನಾಪತಿಯ ಕತ್ತಿ ಕೈಗೆ ಬರುತ್ತದೆ.

ಆ ಮುದುಕನ ಪಾತ್ರ ಯಾವ ಹುಡುಗನಿಗೂ ಒಗ್ಗಲಿಲ್ಲ. ಹುಡುಗರಿಗೆ ಕವಾಯತು ಕಲಿಸಲು ನಮ್ಮ ಶಾಲೆಯ ಜವಾನರೊಬ್ಬರನ್ನು ಕರೆದಿದ್ದೆ. ಹರೆಯದಲ್ಲಿ ಹತ್ತು ವರ್ಷ ಪಲ್ಟನ್ನಿನಲ್ಲಿದ್ದು ಬಂದವರು. ಒಂದು ಸಂಜೆ ಹುಡುಗರನ್ನು ಫರಸಿ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದರು: "ಪಲ್ಟನ್ನಿನಾಗ ನಮ್ಮ ಸಾಹೇಬ ದಿನಾ ನಡದು ಮುಗದ ಮ್ಯಾಲ ಎಲ್ಲಾರ ಕಾಲು ನೋಡತಿದ್ದ, ಯಾರಿಗಿ ಗುಳ್ಳಿ ಎದ್ದಾವ ಅಂತ. ಆಮ್ಯಾಲ ತಾ ಉಣ್ಣತಿದ್ದ. ಅಂಥಾವನ ಹಿಂದ ಮಂದಿ ಹೋಗತದ."

ಆ ಮಾತನ್ನು ಹಾಗೆಯೇ ನಾಟಕಕ್ಕೆ ಹಾಕಿದೆ. ಪಾತ್ರವನ್ನೂ ಅವರಿಗೇ ಕೊಟ್ಟೆ.

ಯುವರಾಜನಾದವನು ಶಾಲಾ ಕಮಿಟಿಯ ಗೌಡರ ಮಗ. ಕೆಟ್ಟ ಹುಡುಗನಲ್ಲ. ತಾಲೀಮಿನಲ್ಲಿ ಬಗ್ಗಿ ಜವಾನರ ಕಾಲು ಮುಟ್ಟಲು ಒಂದು ದಿನವೂ ಹಿಂಜರಿಯಲಿಲ್ಲ. ಗ್ಯಾದರಿಂಗಿಗೆ ಮೂರು ದಿನ ಇರುವಾಗ ಗೌಡರು ತಾಲೀಮು ನೋಡಲು ಬಂದರು. ಐದನೆಯ ದೃಶ್ಯ ಮುಗಿಯುವುದರೊಳಗೆ ಎದ್ದು ಹೆಡ್ ಮಾಸ್ತರರ ಕೋಣೆಗೆ ನಡೆದರು. ನನಗೂ ಕರೆ ಬಂತು.

"ಊರ ಹೊರಗಿನ ಕೇರಿಯವನ ಕಾಲಿಗಿ ನಮ್ಮ ಹುಡುಗ ಬೀಳಬೇಕೇನ್ರಿ ಅಕ್ಕೋರೆ?" ಗೌಡರು ದನಿ ಏರಿಸಲಿಲ್ಲ.

"ನಾಟಕದಾಗ ಅವರು ಗುರು ಅದಾರ್ರಿ," ಎಂದೆ.

"ನಾಟಕ ನೋಡಲಾಕ ಬರೋವ್ರು ನಮ್ಮ ಊರವ್ರೇ ಅದಾರಲ್ಲ."

ಹೆಡ್ ಮಾಸ್ತರರು ನನ್ನ ಕೈಯಿಂದ ನಾಟಕ ಬರೆದ ವಹಿ ತೆಗೆದುಕೊಂಡು ಕೆಂಪು ಶಾಯಿಯಲ್ಲಿ ತಿದ್ದಿದರು. ದೃಶ್ಯವನ್ನೇ ತೆಗೆದುಹಾಕಿದ್ದರೂ ನುಂಗಿಕೊಳ್ಳಬಹುದಿತ್ತು. ಅವರು ಅದನ್ನು ತಿರುವುಮುರುವು ಮಾಡಿದರು: ಮುದುಕನೇ ಯುವರಾಜನ ಕಾಲಿಗೆ ಬಿದ್ದು ಕತ್ತಿ ಒಪ್ಪಿಸುತ್ತಾನೆ. "ಹಿಂಗ ಛಂದ ಆಗತದ," ಎಂದು ನಕ್ಕರು. ನಲವತ್ತು ಪುಟ ಬರೆದವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಹಲ್ಲು ಕಚ್ಚಿ ವಹಿ ಇಸಿದುಕೊಂಡು ಹೊರಬಂದೆ.

ಗ್ಯಾದರಿಂಗಿಗೆ ಊರೆಲ್ಲ ಕೂಡಿತ್ತು. ಪರದೆಯ ಮರೆಯಲ್ಲಿ ನಿಂತು ನೋಡಿದೆ. ಐವತ್ತು ದಾಟಿದ ಮನುಷ್ಯ ಮೊಣಕಾಲೂರಿ ಹದಿನೈದರ ಹುಡುಗನ ಪಾದಕ್ಕೆ ಹಣೆ ಹಚ್ಚಿದರು. ಹುಡುಗ ಮಾತು ಮರೆತು ಹಿಂದೆ ಸರಿದ. ಮುಂದಿನ ಸಾಲಿನಲ್ಲಿ ಶುರುವಾದ ಚಪ್ಪಾಳೆ ಕೊನೆಯ ಸಾಲಿನ ತನಕ ಹೋಯಿತು. ಆ ಒಂದೊಂದು ಕೈಯನ್ನೂ ಹಿಡಿದು ನಿಲ್ಲಿಸಬೇಕೆನ್ನಿಸಿತು.

ಮರುದಿನ ಜವಾನರು ಪರದೆ ಮಡಚುತ್ತಿದ್ದರು. ಸಿಟ್ಟಿನಲ್ಲೇ ಕೇಳಿದೆ: "ಯಾಕ ಬಿದ್ರಿ? ಆಗೂದಿಲ್ಲ ಅನ್ನಬೇಕಾಗಿತ್ತು ನೀವು."

ಅವರು ಪರದೆ ಕೆಳಗಿಟ್ಟರು. "ನಾ ಅನ್ನಬೇಕಾಗಿತ್ತೇನ್ರಿ? ನನ್ನ ನೌಕರಿ ಇನ್ನಾ ಕಾಯಂ ಆಗಿಲ್ಲ. ನಿಮ್ಮದು ಆಗ್ಯದ. ನಾಟಕ ಬರದೋರು ನೀವು. ಆ ಕ್ವಾಣ್ಯಾಗ ನಿಂತೋರು ನೀವು. ನೀವೇನಂದ್ರಿ?"

ನಾನು ಬಗ್ಗಿ ಪರದೆಯ ಒಂದು ತುದಿ ಹಿಡಿದೆ.

"ಮತ್ತ ನನ್ನ ಮ್ಯಾಲ ಯಾಕ ಸಿಟ್ಟು ಮಾಡಲಿಕತ್ತೀರಿ?" ಎಂದು ಪರದೆ ಎತ್ತಿಕೊಂಡು ಹೋದರು.

ಅದೇ ಮಧ್ಯಾಹ್ನ ಹೆಡ್ ಮಾಸ್ತರರ ಕೋಣೆಗೆ ನುಗ್ಗಿ, ಅಂದೇ ಹೇಳಬೇಕಾಗಿದ್ದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಹಾಜರಿ ಪುಸ್ತಕ ತೆರೆದರು, ಅಷ್ಟೆ. ಬೇಸಿಗೆಯಲ್ಲಿ ಕಮಿಟಿಯವರು, ಕಾಯಂ ಆಗಿದ್ದರೂ, ಏನೋ ನೆಪ ಹುಡುಕಿ ನನ್ನನ್ನು ತೆಗೆದರು. ಚಿಂಚೋಳಿಯಲ್ಲಿ ಬೇರೆ ಕೆಲಸ ಸಿಕ್ಕಿತು.

ಊರು ಬಿಡುವ ದಿನ ನನ್ನ ಟ್ರಂಕನ್ನು ಸೇಡಂ ಮಾರ್ಗದ ಬಸ್ಸಿಗೆ ಏರಿಸಿದವರು ಆ ಜವಾನರೇ. "ತಪ್ಪಾಯ್ತ್ರಿ ನಂದು," ಎಂದೆ. ಅವರು ಕೈಯ ಧೂಳು ಝಾಡಿಸಿಕೊಂಡರು.

"ಬಸ್ಸು ಬಿಡತದ. ಒಳಗ ಕುಂದ್ರಿ," ಎಂದರು.