ಎಮ್ಮೆಯ ಪಾಲಿನ ಶೇಂಗಾ

ಕಳೆದ ಭಾನುವಾರ ನಾನು ಒಂದು ಎಮ್ಮೆಯ ಊಟದ ಇನ್‌ಸ್ಪೆಕ್ಷನ್‌ಗೆ ಹೋಗಿದ್ದೆ. ನಗಬೇಡಿ. ಎಲ್ಲ ಶುರುವಾದದ್ದು ನಮ್ಮ ಯಜಮಾನರು ಪೇಪರ್ ಓದಿದ್ದರಿಂದ.

"ದನ ಬೂಷ್ಟು ಹಿಡಿದಿದ್ದು ತಿಂದ್ರ ಆ ವಿಷ ಹಾಲಿಗೂ ಬರ್ತೈತಂತ. ಕಾಸಿದ್ರೂ ಹೋಗಂಗಿಲ್ಲಂತ," ಎಂದರು.

ಮೂರು ಉಕ್ಕು ಬರಿಸಿ ಹಾಲು ಕಾಸುವವಳು ನಾನು. ಮೂರು ಉಕ್ಕಿಗೂ ಜಗ್ಗದ ವಿಷವೇ?

ನನ್ನ ಚಿಂತೆ ನಮ್ಮ ಚಹಾದ್ದಲ್ಲ, ಒಂದೂವರೆ ವರ್ಷದ ಮೊಮ್ಮಗಳು ಪುಟ್ಟಿಯದು. ಪ್ಯಾಕೆಟ್ ಹಾಲು ಬಾಯಿಗಿಟ್ಟರೆ ಉಗುಳುತ್ತಾಳೆ. ಕೊಳಗಲ್ಲು ಹಳ್ಳಿಯ ಹುಲಿಗೆಮ್ಮ ತರುವ ಎಮ್ಮೆ ಹಾಲೇ ಆಗಬೇಕು. (ಅಜ್ಜಿಯ ನಾಲಿಗೆ ಬಂದಿದೆ, ಏನು ಮಾಡೋದು?)

ಆಟೊ ಹತ್ತಿ ಕೊಳಗಲ್ಲಿಗೆ ಹೋದೆ. ಹುಲಿಗೆಮ್ಮನಿಗೆ ಗಾಬರಿ. "ಯಾಕ್ರಿ ಅಕ್ಕಾರ, ಹಾಲು ನೀರಾಗಿತ್ತೇನ್ರಿ?"

"ನೀರಿನ ಮಾತು ಆಮ್ಯಾಲ. ನಿನ್ನ ಎಮ್ಮಿ ಏನ್ ತಿಂತೈತಿ, ತೋರ್ಸು."

ಮೇವು ಮೂಸಿದೆ. ಹಿಂಡಿ ಮುರಿದು ನೋಡಿದೆ. ಎಲ್ಲ ಚೊಕ್ಕ. ಸ್ವಲ್ಪ ನಿರಾಸೆಯೇ ಆಯಿತು ಅನ್ನಿ. ಅಷ್ಟು ದೂರ ಜಗಳಕ್ಕೆ ರೆಡಿಯಾಗಿ ಹೋಗಿದ್ದೆನಲ್ಲ! ಕೊನೆಗೆ ಎಮ್ಮೆ ಮೂತಿ ಇಟ್ಟಿದ್ದ ಬಕೆಟ್ ಇಣುಕಿದೆ. ಒಳಗೆ ಹಸಿರು ಬೂಷ್ಟು ಹಿಡಿದ ಶೇಂಗಾ.

"ಇದೇನಿದು?" ದನಿ ಏರಿಸಿದೆ.

"ನಿಮ್ ಮನೀದ ಅಲ್ಲೇನ್ರಿ? ನಿನ್ನಿ ನೀವಾ ಹಾಕಿ ಕೊಟ್ರಲ್ಲ," ಎಂದಳು.

ಹೌದು, ನಮ್ಮದೇ. ಹಾಲು ಹಾಕಿ ಹೋಗುವಾಗ ನಮ್ಮ ಓಣಿಯ ಮುಸುರೆಯನ್ನು ಎಮ್ಮೆಗೆಂದು ಒಯ್ಯುವುದು ಅವಳ ರೂಢಿ. ಕುರುಗೋಡಿನಿಂದ ತಮ್ಮ ಕಳಿಸಿದ್ದ ಶೇಂಗಾ ಚೀಲಕ್ಕೆ ನೀರು ತಾಗಿತ್ತು. ಒಳ್ಳೆಯ ಕಾಳು ಚಟ್ನಿಪುಡಿಗೆ ಆರಿಸಿಕೊಂಡು, ಕೆಟ್ಟದ್ದನ್ನು ಬಕೆಟ್‌ಗೆ ಸುರಿದಿದ್ದೆ. ಚೆಲ್ಲಿದರೆ ಪಾಪ, ದನಕ್ಕೆ ಹಾಕಿದರೆ ಪುಣ್ಯ ಅಲ್ಲವೇ? ಹಳಸಿದ ಅನ್ನ, ಬೂಷ್ಟು ಹಿಡಿದ ಬ್ರೆಡ್ಡು, ಎಲ್ಲದರಿಂದಲೂ ನಾವು ಪುಣ್ಯ ಕಟ್ಟಿಕೊಳ್ಳುತ್ತೇವೆ.

ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವಳು ನಾನು, ಉಣ್ಣುವವಳು ಪುಟ್ಟಿ.

ಪೇಪರ್ ಸುದ್ದಿ ಹೇಳಿದೆ. ಹುಲಿಗೆಮ್ಮ ಬಕೆಟ್ ಕಸಿದು ತಿಪ್ಪೆಗೆ ಸುರಿದಳು. ಎಮ್ಮೆ ನನ್ನನ್ನೇ ದುರುಗುಟ್ಟಿ ನೋಡಿತು. ನಾಲ್ಕು ದಿನ ಇದರ ಹಾಲು ಯಾರಿಗೂ ಹಾಕಬೇಡ, ನಷ್ಟ ನನ್ನದು ಎಂದೆ. "ಆಗ್ಲಿರಿ. ಪುಟ್ಟವ್ವಗ ಇನ್ನೊಂದ್ ಎಮ್ಮೀದು ತರ್ತೀನಿ," ಎಂದವಳು ಸೆರಗು ಬಾಯಿಗಿಟ್ಟು ನಕ್ಕಳು. "ಜಗಳ ಮಾಡಾಕ ಬಂದಿದ್ರಿ, ಹೌದಲ್ರಿ ಅಕ್ಕಾರ?"

ನಾನೂ ನಕ್ಕೆ. ಇನ್ನೇನು ಮಾಡಲಿ?

ಈಗ ನಮ್ಮ ಮನೆಯಲ್ಲಿ ರೂಲ್ ಒಂದೇ: ಪುಟ್ಟಿಯ ಬಾಯಿಗೆ ಇಡಲಾಗದ್ದು ಎಮ್ಮೆಯ ಬಾಯಿಗೂ ಬೇಡ.

ಅಂದಹಾಗೆ, ನಿಮ್ಮ ಮನೆಯ ಬಕೆಟ್‌ನಲ್ಲಿ ಇವತ್ತು ಏನು ಹೋಯಿತು?