ಬ್ಲೇಡಿನಿಂದ ಕೆರೆದ ಪುಟ

ನಿನ್ನೆ ನನ್ನ ಫೋನು ಜಾಗ ಸಾಲದೆಂದು ಗೊಣಗಿತು. ಬೇಡದ್ದನ್ನು ಅಳಿಸೋಣವೆಂದು ಕೂತರೆ ‘ಮೆಕ್ಯಾನಿಕ್ಸ್’ ಎಂಬ ಹಳೆಯ ಪಿಡಿಎಫ್ ಕಣ್ಣಿಗೆ ಬಿತ್ತು. ಅದರಲ್ಲೇನಿದೆ ಮಹಾ ಎನ್ನುತ್ತೀರಿ. ನನಗೆ ಮಾತ್ರ ಅದನ್ನು ಕಂಡರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ನ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮಕ್ಕಳಿಗೆ ಭೌತಶಾಸ್ತ್ರ ಹೇಳುವುದು ನನ್ನ ಕಸುಬು. ಲೈಬ್ರರಿಯಲ್ಲಿ ಮೆಕ್ಯಾನಿಕ್ಸ್ ಪಠ್ಯಪುಸ್ತಕ ಇದ್ದದ್ದು ಒಂದೇ ಪ್ರತಿ, ಅದೂ ರಟ್ಟು ಕಿತ್ತದ್ದು. ನಾನು ಓದುವಾಗಿನ ನನ್ನ ಸ್ವಂತ ಪ್ರತಿಯನ್ನು ಒಂದು ಭಾನುವಾರ ಫೋನಿನಲ್ಲಿ ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದೆ. ಇನ್ನು ಯಾರೂ ಆ ಇಟ್ಟಿಗೆಯನ್ನು ಹೊರಬೇಡಿ ಎಂದೂ ಹೇಳಿದೆ. ಸ್ಟಾಫ್ ರೂಮಿನಲ್ಲಿ ಹೊಗಳಿದರು, ನಾನು ಉಬ್ಬಿದೆ.

ಇಂಟರ್ನಲ್ ಪರೀಕ್ಷೆಗೆ ಅದರಲ್ಲಿದ್ದ ಲಿಫ್ಟಿನ ಲೆಕ್ಕವನ್ನೇ ಕೊಟ್ಟೆ. ಕೆಳಗಿಳಿಯುವ ಲಿಫ್ಟು ವೇಗ ತಗ್ಗಿಸಿ ನಿಲ್ಲುವಾಗ ಒಳಗಿದ್ದವನಿಗೆ ತನ್ನ ತೂಕ ಎಷ್ಟೆನಿಸುತ್ತದೆ ಎಂಬುದು ಪ್ರಶ್ನೆ. ಇಡೀ ಕ್ಲಾಸು ‘ಕಡಿಮೆ’ ಎಂದು ಬರೆದಿತ್ತು. ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು, ಸಂತೋಷವಾಗಿ ಅಂಕ ಹಾಕುತ್ತಾ ಹೋದೆ. ಕ್ಯಾಸಂಬಳ್ಳಿ ಕಡೆಯ ಭಾಗ್ಯ ಒಬ್ಬಳು ಮಾತ್ರ ‘ಜಾಸ್ತಿ’ ಎಂದಿದ್ದಳು. ಕೆಂಪು ಗೀಟು ಎಳೆದೆ. ಅದರಿಂದ ಅವಳು ಇಂಟರ್ನಲ್‌ನಲ್ಲೇ ಫೇಲಾದಳು.

ಮರುದಿನ ಲೈಬ್ರರಿಯ ಪುಸ್ತಕ ಎದೆಗವಚಿಕೊಂಡು ಸ್ಟಾಫ್ ರೂಮಿಗೆ ಬಂದಳು.

“ಸಾರ್, ಇದ್ರಲ್ಲಿ ಜಾಸ್ತಿ ಅಂತ್ಲೇ ಐತೆ.”

“ಪಿಡಿಎಫ್ ನೋಡಲಿಲ್ವೇನಮ್ಮ?”

“ಮನೇಲಿರೋದೇ ಒಂದು ಫೋನು. ಅಣ್ಣ ಡೈರಿಗೆ ತಕೊಂಡೋಗ್ತಾನೆ.”

ಹಳೇ ಪುಸ್ತಕ, ಅಚ್ಚಿನ ತಪ್ಪಿರಬಹುದು ಎಂದು ಸಾಗಹಾಕಲು ನೋಡಿದೆ. ಅವಳು ಕದಲಲಿಲ್ಲ.

“ನಮ್ ತಾತ ಚಾಂಪಿಯನ್ ರೀಫ್ಸ್ ಗಣೀಲಿದ್ದೋರು ಸಾರ್. ಕೇಜು ತಳಕ್ಕೋಗಿ ನಿಲ್ಲೋವಾಗ ಮೈಯೆಲ್ಲಾ ಭಾರ ಆಗಿ ಮಂಡಿ ಮಡಚ್ಕೊಳ್ಳೋದು ಅಂತಿದ್ರು. ಕಮ್ಮಿ ಎಂಗಾಗ್ತದೆ?”

ಗಣಿಯ ಆ ಲಿಫ್ಟಿನಲ್ಲಿ ನಾನು ಒಮ್ಮೆಯೂ ಇಳಿದವನಲ್ಲ. ಮೇಜಿನ ಖಾನೆಯಿಂದ ನನ್ನ ಪ್ರತಿ ತೆಗೆದು ಆ ಪುಟ ಸವರಿದೆ. ಕಾಗದ ಅಲ್ಲಿ ತೆಳ್ಳಗಾಗಿತ್ತು. ಆಗ ನೆನಪಾಯಿತು ನೋಡಿ. ಇಳಿಯುವ ಲಿಫ್ಟಿನಲ್ಲಿ ತೂಕ ಕಡಿಮೆಯಾಗಬೇಕಲ್ಲ ಎಂದುಕೊಂಡು, ಹತ್ತೊಂಬತ್ತರ ಹುಮ್ಮಸ್ಸಿನಲ್ಲಿ, ಕೂಡುವ ಚಿಹ್ನೆಯ ನಿಂತ ಗೆರೆಯನ್ನು ಬ್ಲೇಡಿನಿಂದ ಕೆರೆದು ಕಳೆಯುವ ಚಿಹ್ನೆ ಮಾಡಿದ್ದೆ. ಉತ್ತರವನ್ನೂ ಕೆರೆದು ಕಪ್ಪು ಇಂಕಿನಲ್ಲಿ ಗುಂಡಗೆ ನನ್ನದನ್ನು ಬರೆದಿದ್ದೆ. ಪುಸ್ತಕ ಬರೆದವರನ್ನೇ ತಿದ್ದಿದೆನೆಂದು ಹೆಮ್ಮೆ ಬೇರೆ. ಪುಸ್ತಕವನ್ನು ಕೈಯಲ್ಲಿ ಹಿಡಿದವರ ಬೆರಳಿಗೇ ಆ ಗಾಯ ಸಿಗುತ್ತಿತ್ತು. ಫೋನಿನಲ್ಲಿ ಮಾತ್ರ ಎಲ್ಲವೂ ಅಚ್ಚಿನಷ್ಟೇ ನಯ.

ಗೊತ್ತಿಲ್ಲದ್ದೇನೂ ಅಲ್ಲ, ಎರಡು ನಿಮಿಷ ಪೆನ್ನು ಹಿಡಿದಿದ್ದರೆ ನನಗೇ ಹೊಳೆಯುತ್ತಿತ್ತು. ನಾನು ಹಿಡಿಯಲಿಲ್ಲ, ಅಷ್ಟೆ. ಅವಳ ಅಂಕ ಅಲ್ಲೇ ತಿದ್ದಿಕೊಟ್ಟು, “ಸರಿಯಾಯ್ತಲ್ಲ, ಹೋಗಮ್ಮ” ಎಂದೆ.

“ಕ್ಲಾಸಲ್ಲೂ ಇದ್ನ ಏಳಿ ಸಾರ್. ಎಲ್ರೂ ನಗ್ತಾವ್ರೆ.”

ಅಂಕ ತಿದ್ದಲು ಅರೆನಿಮಿಷ ಸಾಕಾಯಿತು, ಕ್ಲಾಸಿನಲ್ಲಿ ಬಾಯಿ ಬಿಡಲು ಮೂರು ದಿನ ಹಿಡಿಯಿತು. ಆ ಮೂರು ದಿನವೂ ಭಾಗ್ಯ ನನ್ನನ್ನೇ ನೋಡುತ್ತಾ ಕೂತಿದ್ದಳು. ಕೊನೆಗೆ ಹೇಳಿದೆ: ತಪ್ಪು ನನ್ನದು, ಸರಿ ಬರೆದದ್ದು ಅವಳೊಬ್ಬಳೇ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತೇನೋ.

ಈಗಲೂ ಪಿಡಿಎಫ್ ಹಾಕುತ್ತೇನೆ, ಹಾಕದೆ ನಡೆಯುವುದೂ ಇಲ್ಲ. ಆದರೆ ಮೊದಲು ಇಡೀ ಕ್ಲಾಸು ಒಂದೇ ಉತ್ತರ ಬರೆದರೆ ಪಾಠ ಚೆನ್ನಾಗಿ ಹೇಳಿದ್ದೇನೆಂದು ಹಿಗ್ಗುತ್ತಿದ್ದೆ. ಈಗ ಹೆದರಿಕೆಯಾಗುತ್ತದೆ.