ಎರಡನೇ ಭಾಗ ಬಂತಾ?

ನನ್ನ ಅತ್ತೆಗೆ ಇಂಗ್ಲಿಷೂ ಬರುತ್ತಿರಲಿಲ್ಲ, ಜಪಾನಿ ಭಾಷೆಯಂತೂ ದೂರದ ಮಾತು. ಆದರೂ ಜಪಾನಿನ ಯಾವುದೋ ಹೈಸ್ಕೂಲಿನ ಒಬ್ಬ ಹುಡುಗ ತನ್ನ ಪಕ್ಕದ ಬೆಂಚಿನ ಹುಡುಗಿಗೆ ಮನಸ್ಸಿನ ಮಾತು ಹೇಳುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲಿ ಅವರು ಒಂದು ಇಡೀ ಮಳೆಗಾಲ ಕಳೆದರು.

ನಾವಾಗ ಹುಣಸೂರಿನಲ್ಲಿದ್ದೆವು. ಕೆಳಗೆ ನಮ್ಮವರ ಬೀಜ ಗೊಬ್ಬರದ ಅಂಗಡಿ, ಮೇಲೆ ಮನೆ. ನನ್ನ ನಾದಿನಿ ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಎಂ.ಎ. ಓದುತ್ತಿದ್ದಳು. ಅವಳ ಗೆಳತಿಯೊಬ್ಬಳ ಅಣ್ಣ ಜಪಾನಿನ ಕಾರ್ಟೂನು ಧಾರಾವಾಹಿಗಳನ್ನು ಸಿ.ಡಿ.ಗೆ ಹಾಕಿ ಕೊಡುತ್ತಿದ್ದ. ಅದರಲ್ಲೊಂದು ಈ ಹೈಸ್ಕೂಲಿನ ಕಥೆ. ಮಾತು ಜಪಾನಿಯದು, ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಓಡುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ನಿಂತು ಗಟ್ಟಿಯಾಗಿ ಪಾಠ ಓದಿ ಬೆಳೆದ ನನಗೆ ಆ ಅಕ್ಷರಗಳನ್ನು ಓಡುತ್ತಿದ್ದಂತೆಯೇ ಹಿಡಿದು ಕನ್ನಡಕ್ಕೆ ತಿರುಗಿಸುವ ಕೆಲಸ ಬಿತ್ತು. ಅವಳಿಗೆ ಕ್ಲಾಸಿಲ್ಲದ ದಿನ ಮಧ್ಯಾಹ್ನ ಊಟವಾಗಿ, ಪಾತ್ರೆ ಬೋರಲು ಹಾಕಿ, ಮೂವರೂ ಕಂಪ್ಯೂಟರ್ ಮುಂದೆ ಕೂತರೆ ನನ್ನ ಬಾಯಿಗೆ ಬಿಡುವಿರುತ್ತಿರಲಿಲ್ಲ.

"ನೀನು ನನ್ನ ಬಗ್ಗೆ ಏನೆಂದು ಭಾವಿಸಿದ್ದೀಯೆ?" ಎಂದು ನಾನು ಹುಡುಗಿಯ ಮಾತು ಓದಿದರೆ ನಾದಿನಿ ನಗುತ್ತಿದ್ದಳು. "ಅತ್ತಿಗೆ, ನಿಮ್ಮ ಕನ್ನಡದಲ್ಲಿ ಅವಳು ಬ್ಯಾಂಕಿಗೆ ಅರ್ಜಿ ಕೊಡೋಕೆ ಬಂದಂಗಿದೆ."

ಭೇರ್ಯದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಅತ್ತೆ ಅದನ್ನು ತಮ್ಮ ದಾರಿಗೆ ತಂದುಕೊಳ್ಳುತ್ತಿದ್ದರು. "ಏನಂದ್ಕಂಡಿದ್ದೀಯೋ ನನ್ನ, ಅಂತಾವ್ಳೆ. ಅಷ್ಟೇ ತಾನೆ? ನೀ ಮುಂದಕ್ಕೆ ಓದವ್ವ."

ಅತ್ತೆಗೆ ಆ ಶಾಲೆಯಲ್ಲಿ ಬಹಳ ಹಿಡಿಸಿದ್ದು, ಮಕ್ಕಳೆಲ್ಲ ಬಾಗಿಲಲ್ಲೇ ಶೂ ಬಿಚ್ಚಿ ಗೂಡಿನಲ್ಲಿಟ್ಟು ಬೇರೆ ಚಪ್ಪಲಿ ಮೆಟ್ಟಿ ಒಳಗೆ ಹೋಗುವುದು. ನನ್ನ ಕಣ್ಣು ಅವರ ಊಟದ ಡಬ್ಬಿಯ ಮೇಲೆ. ಅದಕ್ಕೊಂದು ಹೂವಿನ ಬಟ್ಟೆ ಸುತ್ತಿ, ಮೇಲೆ ಮೊಲದ ಕಿವಿಯ ಹಾಗೆ ಗಂಟು ಹಾಕಿರುತ್ತಿದ್ದರು. ನಮ್ಮವರ ಮಧ್ಯಾಹ್ನದ ಡಬ್ಬಿಗೆ ನಾನೂ ಒಂದು ದಿನ ಹಾಗೇ ಗಂಟು ಹಾಕಿ ಕೆಳಗೆ ಕಳಿಸಿದೆ. "ಗಿರಾಕಿ ಮುಂದೆ ಇದೇನೇ?" ಎಂದು ಬಟ್ಟೆ ವಾಪಸ್ ಬಂತು. ಊಟ ಮಾತ್ರ ಪೂರ್ತಿ ಖಾಲಿಯಾಗಿತ್ತು.

ಕಥೆಯ ಮೊದಲ ಭಾಗ ಆ ಶಾಲೆಯ ಬೇಸಿಗೆ ರಜೆಗೆ ಮುಗಿದುಹೋಯಿತು. ಹುಡುಗ ಬಾಯಿ ತೆರೆದ, ರೈಲು ಬಂತು, ಮಾತು ಕೇಳಿಸಲಿಲ್ಲ, ಹೆಸರುಗಳು ಮೇಲಕ್ಕೆ ಓಡತೊಡಗಿದವು. ಅತ್ತೆಗೆ ಕೋಪವೇ ಬಂತು. "ಇದುಕ್ಕಾ ಇಷ್ಟು ದಿನ ಕೂರ್ಸಿದ್ದು? ಗಂಡ್ಸಾದೋನು ರೈಲು ಓದ್ಮೇಲೆ ಇನ್ನೊಂದ್ ಸಲಿ ಯೋಳ್ಬಾರ್ದಾ?"

"ಎರಡನೇ ಭಾಗ ಇದೆಯಂತಮ್ಮ. ನನ್ನ ಗೆಳತಿಯ ಅಣ್ಣನಿಗೇ ಇನ್ನೂ ಸಿಕ್ಕಿಲ್ಲ," ಎಂದಳು ನಾದಿನಿ.

ಆ ನಡುವೆಯೇ ಅವಳನ್ನು ನೋಡಲು ಗಂಡಿನವರು ಬಂದರು. ರಾವಂದೂರಿನ ಕಡೆಯ ಒಂದು ಹಳ್ಳಿಯವರು. ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತಾಯಿ ಕೆಂಪು ಅಂಚಿನ ಸೀರೆ ಉಟ್ಟಿದ್ದ ಸಣ್ಣ ಆಳು, ಕೇಸರಿಬಾತಿನಲ್ಲಿ ದ್ರಾಕ್ಷಿಯನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿಟ್ಟು ಕೊನೆಗೆ ಒಟ್ಟಿಗೆ ತಿಂದರು. ಅದನ್ನು ನೋಡಿಯೇ ನನಗೆ ಅವರು ಇಷ್ಟವಾಗಿಬಿಟ್ಟರು.

ಹುಡುಗ ಹುಡುಗಿ ಐದು ನಿಮಿಷ ಮಾತಾಡಲಿ ಎಂದು ಕಂಪ್ಯೂಟರಿದ್ದ ಕೋಣೆಯಲ್ಲಿ ಕೂರಿಸಿದೆವು. ಬಾಗಿಲು ತೆರೆದೇ ಇತ್ತು, ನಾನು ಕಾಫಿ ಲೋಟ ತೆಗೆಯುವ ನೆಪದಲ್ಲಿ ಅಲ್ಲೇ ಇದ್ದೆ. ಬಿಡುವಿನಲ್ಲಿ ಏನು ಮಾಡ್ತೀರಿ ಎಂದು ಅವರು ಕೇಳಿದ್ದಕ್ಕೆ ಇವಳು ಸಂಗೀತವೆನ್ನಲಿಲ್ಲ, ಕಸೂತಿಯೆನ್ನಲಿಲ್ಲ. ಜಪಾನಿನ ಕಾರ್ಟೂನು ನೋಡ್ತೀನಿ ಎಂದುಬಿಟ್ಟಳು. ಮೇಷ್ಟ್ರು ನಗಲಿಲ್ಲ, ಕುರ್ಚಿಯನ್ನು ಸ್ವಲ್ಪ ಮುಂದಕ್ಕೆಳೆದುಕೊಂಡು ಕಥೆಯೇನು ಎಂದು ಕೇಳಿದರು. ಇವಳು ರೈಲಿನ ತನಕ ಹೇಳಿದಳು.

"ಆಮೇಲೆ?"

"ಗೊತ್ತಿಲ್ಲ. ಎರಡನೇ ಭಾಗ ಬರಬೇಕು."

"ಬಂದ ಮೇಲೆ ನನಗೂ ಹೇಳಿ," ಎಂದರು ಮೇಷ್ಟ್ರು. ನಾದಿನಿಯ ಕಿವಿ ಕೆಂಪಾಯಿತು. ಜಪಾನಿನ ಹುಡುಗಿಯರಿಗೆ ಮಾತ್ರ ಹಾಗಾಗುತ್ತದೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಕೆಳಗಿನಿಂದ ನಮ್ಮವರು ಓಡಿ ಬಂದು, ರಾವಂದೂರಿನ ಬಸ್ಸು ಹೊರಡುತ್ತಿದೆ ಎಂದರು. ಅವರ ಹಳ್ಳಿಗೆ ಅದು ತಪ್ಪಿದರೆ ಮಾರನೆಯ ಬೆಳಿಗ್ಗೆಯೇ. ಚಪ್ಪಲಿ ಅದಲುಬದಲಾಗಿ, ಕೊಡೆ ಹುಡುಕಿ, ಎಲ್ಲರೂ ದಡಬಡನೆ ಮೆಟ್ಟಿಲಿಳಿದರು. ಅವರು ಹೋದ ಮೇಲೆ ನೋಡಿದರೆ ಅತ್ತೆ ಕೊಟ್ಟ ತಾಂಬೂಲ, ಎಲೆ ಅಡಿಕೆ, ತೆಂಗಿನಕಾಯಿ, ಹಸಿರು ರವಿಕೆ ಕಣ ಎಲ್ಲವೂ ಚೀಲದ ಸಮೇತ ಕುರ್ಚಿಯ ಮೇಲೆ ಕೂತಿತ್ತು.

ಅತ್ತೆಯ ಮುಖ ಕಪ್ಪಿಟ್ಟಿತು. ಅತ್ತೆಯ ತವರಿನ ಕಡೆ ಹೆಣ್ಣು ನೋಡಲು ಬಂದವರು ತಾಂಬೂಲ ಬಿಟ್ಟು ಹೋದರೆ ಒಲ್ಲೆವೆಂದು ಹೇಳಿದ ಹಾಗೆಯೇ. ಬಾಯಲ್ಲಿ ಹೇಳಿ ನೋಯಿಸಬಾರದೆಂದು ಹಿಂದಿನವರು ಹಾಗೆ ಮಾಡುತ್ತಿದ್ದರಂತೆ. ಅದಾದ ಮೇಲೆ ಹೆಣ್ಣಿನ ಕಡೆಯವರು ಯಾಕೆಂದು ಕೇಳಿಕೊಂಡು ಹೋಗಲೂ ಬಾರದು.

"ಬಸ್ಸಿನ ಅವಸರ ಅತ್ತೆ, ಮರೆತಿರಬೇಕು," ಎಂದೆ.

"ತಾಂಬೂಲ ಯಾರಾದ್ರೂ ಮರೀತಾರ ಕಣವ್ವ? ಕೊಡೆ ಮರೀಲಿಲ್ವಲ್ಲ. ಬುಡು, ನಮ್ಗೂ ಮರ್ವಾದೆ ಅದೆ."

ನಾದಿನಿ ಕಾಯಿಯನ್ನು ತೆಗೆದು ದೇವರ ಮನೆಯ ಮೂಲೆಯಲ್ಲಿಟ್ಟಳು. ಆಮೇಲೆ ವಾರಗಟ್ಟಲೆ ಆ ಕಡೆಯಿಂದಲೂ ಸುದ್ದಿಯಿಲ್ಲ, ಈ ಕಡೆಯಿಂದಲೂ ಇಲ್ಲ. ಟೆಲಿಫೋನು ಹೊಡೆದುಕೊಂಡಾಗಲೆಲ್ಲ ಅವಳು ಓದುತ್ತಿದ್ದ ಪುಟವನ್ನು ತಿರುವದೆ ಸುಮ್ಮನೆ ಕೂತಿರುತ್ತಿದ್ದಳು. ಗೊಬ್ಬರದ ವಿಚಾರದ ಫೋನೆಂದು ಗೊತ್ತಾದ ಮೇಲೆ ಪುಟ ತಿರುಗುತ್ತಿತ್ತು. ಎರಡನೇ ಭಾಗದ ಸಿ.ಡಿ.ಗಳು ಬಂದಾಗಲೂ ಎರಡು ದಿನ ಬ್ಯಾಗಿನಿಂದ ತೆಗೆಯಲಿಲ್ಲ. ಕೊನೆಗೆ ಅತ್ತೆಯೇ ಕೇಳಿ ಹಾಕಿಸಿದರು.

ಎರಡನೇ ಭಾಗದಲ್ಲಿ ಚಳಿಗಾಲ. ಹುಡುಗರ ಬಾಯಿಂದ ಹಬೆ ಬರುತ್ತಿತ್ತು, ಹುಡುಗಿಯರ ಸ್ವೆಟರ್ ತೋಳು ಬೆರಳಿನ ತನಕ. ಹುಡುಗಿ ಗುಟ್ಟಾಗಿ ಹೆಣೆದ ಮಫ್ಲರನ್ನು ಹುಡುಗನಿಗೆ ಕೊಟ್ಟು ನಾಚಿ ಓಡಿಹೋಗುತ್ತಾಳೆ. ಅವನು ಅದನ್ನು ಎದೆಗವಚಿಕೊಂಡು ಕೂತಿರುವಾಗಲೇ ಅವನ ತಂಗಿ ಬಿದ್ದು ಪೆಟ್ಟಾಗಿದೆಯೆಂದು ಯಾರೋ ಕೂಗಿದ್ದಕ್ಕೆ, ಮಫ್ಲರನ್ನು ಬೆಂಚಿನ ಮೇಲೇ ಬಿಟ್ಟು ಓಡುತ್ತಾನೆ. ಹುಡುಗಿ ವಾಪಸ್ ಬಂದವಳು ಬೆಂಚಿನ ಮೇಲೆ ಬರೀ ಮಫ್ಲರು ಬಿದ್ದಿರುವುದನ್ನು ನೋಡುತ್ತಾಳೆ. ಕಣ್ಣಲ್ಲಿ ನೀರು. ನಾನು ಓದಿದೆ: "ಅವನಿಗೆ ಇಷ್ಟವಿಲ್ಲ. ನಾನು ಇನ್ನು ಕೇಳುವುದಿಲ್ಲ."

"ಅಯ್ಯೋ ಪೆದ್ದೇ!" ಎಂದು ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ಅವ್ನು ಬ್ಯಾಡ ಅಂತ ಬುಟ್ಟೋಗ್ಲಿಲ್ಲ ಕಣೇ! ತಂಗಿ ಬಿದ್ದೋಳೆ ಅಂತ ಓಡೋದ! ಓಗಿ ಒಂದ್ ಮಾತು ಕೇಳ್ಬಾರ್ದಾ? ಕೇಳುದ್ರೆ ನಿನ್ನ ಗಂಟೇನು ಓಯ್ತದೆ?"

ಆಗಲೇ ಕರೆಂಟು ಹೋಯಿತು. ಯು.ಪಿ.ಎಸ್. ಕೀಂ ಕೀಂ ಎಂದು ಕೂಗಿ ಸುಮ್ಮನಾಯಿತು. ಕಪ್ಪು ಪರದೆಯಲ್ಲಿ ನಮ್ಮ ಮೂವರ ಮುಖ ಕಾಣುತ್ತಿತ್ತು. ನಾದಿನಿ ತಾಯಿಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಅತ್ತೆ ನಿಧಾನವಾಗಿ ಕೂತರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು.

"ಅವ್ರ ಮನೇಲಿ ಏನಾಯ್ತೋ ನಮ್ಗೆ ಯಾರವ್ವ ತೋರ್ಸ್ತಾರೆ?" ಎಂದರು ಕೊನೆಗೆ. ಧಾರಾವಾಹಿಯಲ್ಲಾದರೆ ಎರಡೂ ಮನೆ ಕಾಣುತ್ತವೆ, ನಾವು ಹೋಗಿಯೇ ಕೇಳಬೇಕು ಎಂದು ನಾನು ಹೇಳಬೇಕೆಂದಿದ್ದೆ, ಅವರು ಆಗಲೇ ದೇವರ ಮನೆಗೆ ಹೋಗಿದ್ದರು.

ಮರುದಿನ ನಾನೂ ಅತ್ತೆಯೂ ರಾವಂದೂರಿನ ಬಸ್ಸು ಹತ್ತಿದೆವು. ಹಳೆಯ ಕಾಯಿ ಒಣಗಿತ್ತು, ಹೊಸ ಕಾಯಿ, ಹೊಸ ಎಲೆ, ರವಿಕೆ ಕಣ ಮಾತ್ರ ಅದೇ ಹಸಿರಿನದು. ನಾದಿನಿಗೆ ಭೇರ್ಯಕ್ಕೆ ಹೋಗುತ್ತೇವೆಂದು ಹೇಳಿದ್ದೆವು. ಹೊಗೆಸೊಪ್ಪು ಬೇಯಿಸುವ ಕಾಲ, ದಾರಿಯುದ್ದಕ್ಕೂ ಸೊಪ್ಪನ್ನು ಒಣಗಿಸಿ ಹದಮಾಡುವ ಬ್ಯಾರನ್ ಗೂಡುಗಳಿಂದ ಸಿಹಿ ಒಗರಿನ ವಾಸನೆ. ಅತ್ತೆ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

"ಬ್ಯಾಡ ಅಂದ್ರೆ?" ಎಂದರು ಒಮ್ಮೆ, ಕಿಟಕಿಯ ಕಡೆ ತಿರುಗಿಯೇ.

"ಕಾಫಿ ಕುಡಿದು ಬರೋಣ ಅತ್ತೆ."

"ಊಂ. ಊರೋರು ನಗ್ತಾರೆ. ನಗ್ಲಿ ಬುಡು."

ಹುಡುಗನ ತಾಯಿ ಜಗಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ನೋಡಿ ಎದ್ದ ರಭಸಕ್ಕೆ ಮೊರ ಮಗುಚಿ ಕಾಳೆಲ್ಲ ಅಂಗಳಕ್ಕೆ ಉರುಳಿತು. ಅತ್ತೆ ಬಾಗಿಲಲ್ಲೇ ನಿಂತು ಚೀಲ ಮುಂದೆ ಹಿಡಿದರು.

"ಮರ್ತು ಬಂದಿದ್ರಿ. ಕೊಟ್ಟೋಗಮ ಅಂತ ಬಂದೋ."

ಆ ತಾಯಿ ಚೀಲವನ್ನಲ್ಲ, ಅತ್ತೆಯ ಎರಡೂ ಕೈಯನ್ನೇ ಹಿಡಿದುಕೊಂಡರು. "ಬಸ್ಸಲ್ಲಿ ಕುಂತ್ಮೇಲೆ ಗೆಪ್ತಿಗೆ ಬಂತು ಕಣಕ್ಕ! ಇಳೀತೀನಿ ಅಂದ್ರೆ ಕಂಡಕ್ಟರ್ ಬುಡ್ನಿಲ್ಲ. ತಾಂಬೂಲ ಬುಟ್ಟೋದ್ರು ಅಂತ ನೀವು ಬೇಜಾರಾಗಿದ್ದೀರಿ, ಅದಕ್ಕೇ ಸುದ್ದಿ ಇಲ್ಲ ಅಂದ್ಕಂಡೋ. ಯಾವ ಮುಖ ಹೊತ್ಕಂಡು ಬರೋದು? ನನ್ನ ಮಗ ನನ್ಜೊತೆ ಸರ್ಯಾಗಿ ಮಾತಾಡಿ ಎಷ್ಟು ದಿವ್ಸ ಆಯ್ತೋ!"

ಇಬ್ಬರೂ ನಗಲು ಶುರುಮಾಡಿದರು, ನಿಲ್ಲಿಸಲೇ ಇಲ್ಲ. ನಾನು ಅಂಗಳದಲ್ಲಿ ಕೂತು ಅಲಸಂದೆಕಾಳು ಆರಿಸಿದೆ. ಹೊಸ್ತಿಲ ಪಕ್ಕ ಎರಡು ಜೊತೆ ಚಪ್ಪಲಿ ಒಂದಕ್ಕೊಂದು ತಾಗಿಕೊಂಡು ಬಿದ್ದಿದ್ದವು, ನನಗೆ ಆ ಜಪಾನಿನ ಶಾಲೆಯ ಗೂಡುಗಳು ನೆನಪಾದವು.

ನಾವು ಹೊರಡುವ ಹೊತ್ತಿಗೆ ಮೇಷ್ಟ್ರು ಶಾಲೆಯಿಂದ ಬಂದರು. ಅಂಗಿಯ ತೋಳಿನಲ್ಲಿ ಚಾಕ್‌ಪೀಸಿನ ಪುಡಿ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು, ಕೈಯಲ್ಲಿ ಹಿಡಿದುಕೊಂಡೇ ನಿಂತರು. ಅತ್ತೆಗೆ ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿ ಮೆಲ್ಲನೆ ಕೇಳಿದರು.

"ಎರಡನೇ ಭಾಗ ಬಂತಾ?"

"ಬಂತು," ಎಂದೆ. "ಪೂರ್ತಿ ನೋಡಿಲ್ಲ."

ಸಂಜೆ ನಾವು ಮನೆಗೆ ಬಂದಾಗ ನಾದಿನಿ ಮೆಟ್ಟಿಲ ಮೇಲಿದ್ದಳು. ಅತ್ತೆ ಕಾಲು ತೊಳೆದರು, ದೀಪ ಹಚ್ಚಿದರು, ಕಾಫಿ ಕುಡಿದರು. ನನಗೂ ಮಾತಾಡಲು ಬಿಡಲಿಲ್ಲ. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಆ ಸೀಡಿ ಆಕವ್ವ. ಬಿರ್ನೆ ನೋಡಿ ಮುಗಿಸ್ಬೇಕು. ಮೇಷ್ಟ್ರು ಕತೆ ಕೇಳಕೆ ಭಾನ್ವಾರ ಬತ್ತಾವ್ರೆ," ಎಂದರು.

ನಾದಿನಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳ ಎರಡೂ ಕಿವಿ ಕೆಂಪಾಯಿತು.

ಕೊನೆಯ ಕಂತು ಹಾಕಿದೆವು, ನೋಡಿದವರು ಯಾರು? ನಮ್ಮವರು ಮೇಲೆ ಬಂದು ಒಂದೇ ಸಮ ಪ್ರಶ್ನೆ ಕೇಳುತ್ತಿದ್ದರು, ಅತ್ತೆ ಭೇರ್ಯಕ್ಕೆ ಫೋನು ಹಚ್ಚಿ ಕೂಗಿ ಸುದ್ದಿ ಹೇಳುತ್ತಿದ್ದರು, ನಾದಿನಿ ಸಕ್ಕರೆ ಡಬ್ಬಿ ಹಿಡಿದುಕೊಂಡು ಸಕ್ಕರೆ ಹುಡುಕುತ್ತಿದ್ದಳು. ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಹುಡುಗ ಮಫ್ಲರು ಸುತ್ತಿಕೊಂಡು, ರೈಲು ಪೂರ್ತಿ ಹೋಗುವ ತನಕ ಕಾದು, ಬಾಯಿ ತೆರೆದ. ಓದಿದವಳು ನಾನೊಬ್ಬಳೇ.

ಫೋನಿಟ್ಟು ಅತ್ತೆ ಒಳಗೆ ಬಂದರು. "ಯೋಳುದ್ನಾ?"

"ಹೇಳಿದ ಅತ್ತೆ."

"ನಾನು ನೋಡ್ನಿಲ್ವಲ್ಲ!" ಎಂದು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಮಗಳನ್ನೂ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಇಂದಕ್ಕೋಗು. ಇನ್ನೊಂದ್ ಸಲಿ ಯೋಳ್ಸು ಅವ್ನ ಕೈಲಿ."